ಸಾಣೆಗೆ ಬಂದ ಸೂಜಿ ರೋಲರ್

"ಇದಕ್ಕೆ ಸಾಣೆ ಹಿಡಿದುಕೊಡ್ತೀರಾ ಅಂಕಲ್?"

ತಮಿಳು ಸೀಮೆಯ ಗಿಂಡಿ ಬಡಾವಣೆಯಲ್ಲಿರುವ ನನ್ನ ಸಾಣೆ ಅಂಗಡಿಗೆ ಬಂದ ಹೆಂಗಸು, ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ ಕನ್ನಡದಲ್ಲೇ ಕೇಳಿದಳು. ಅವಳು ಚಾಚಿದ ಸಾಧನದ ಹಿಡಿಯ ತುದಿಯಲ್ಲಿ ಪುಟ್ಟ ರೋಲರ್, ಅದರ ಮೈತುಂಬ ಕೂದಲಿನಷ್ಟು ಸಣ್ಣ ಸೂಜಿಗಳು. ಕತ್ತರಿ, ಚಾಕು, ಕ್ಷೌರದ ಕತ್ತಿ ಎಲ್ಲ ನೋಡಿದ್ದೇನೆ. ಇದನ್ನು ನೋಡಿರಲಿಲ್ಲ.

"ಏನಮ್ಮಾ ಇದು?"

"ಹೆರಿಗೆ ಆದಮೇಲೆ ಹೊಟ್ಟೆ ಮೇಲೆ ಗೆರೆ ಉಳ್ಕೊಂಡಿದೆ. ಇದನ್ನ ಉರುಳಿಸಿದ್ರೆ ಹೋಗುತ್ತಂತೆ. ಮುಂದಿನ ತಿಂಗಳು ತಮ್ಮನ ಮದುವೆ. ಸೀರೆ ಉಡುವಾಗ ನಮ್ಮ ಅತ್ತಿಗೆ, 'ಹೊಟ್ಟೆ ಮೇಲೆ ರೈಲ್ವೆ ಮ್ಯಾಪ್ ಇಟ್ಕೊಂಡಿದೀಯಲ್ಲೇ' ಅಂತ ನಗ್ತಾರೆ. ಆದರೆ ಈಗೀಗ ಉರುಳಿಸಿದ್ರೆ ರಕ್ತ ಬರ್ತಿದೆ. ಸೂಜಿ ಮೊಂಡಾಗಿರ್ಬೇಕು."

ಕುತೂಹಲಕ್ಕೆ ಭೂತಗನ್ನಡಿ ಹಿಡಿದೆ. ಸೂಜಿಗಳ ತುದಿ ಮೀನಿನ ಗಾಳದಂತೆ ಬಾಗಿತ್ತು. ಗಾಜನ್ನು ಅವಳ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಪ್ರತಿ ಸಲ ಬಿಸಿನೀರಲ್ಲಿ ತೊಳೀತಿದ್ದೆ ಅಂಕಲ್."

"ತೊಳೆದರೆ ಕೊಕ್ಕೆ ನೇರ ಆಗುತ್ತಾ? ಇದು ಚುಚ್ಚುತ್ತಿಲ್ಲ, ಚರ್ಮ ಕೀಳುತ್ತಿದೆ."

"ಸಾಣೆ ಹಿಡಿದರೆ?"

"ಆಗಲ್ಲ. ನನ್ನ ಕಲ್ಲು ಇದಕ್ಕಲ್ಲ. ಡಾಕ್ಟರನ್ನ ಕೇಳು."

ಅಲ್ಲೇ ನಿಂತು ಚರ್ಮದ ಡಾಕ್ಟರಿಗೆ ಫೋನ್ ಮಾಡಿದಳು. ಮನೆಯಲ್ಲಿ ಇನ್ನು ಏನೂ ಮಾಡಬೇಡಿ, ಮೊದಲು ಗಾಯ ಮಾಯಬೇಕು, ನಾಳೆ ಬಂದು ತೋರಿಸಿ ಎಂದರಂತೆ.

"ಮದುವೆಗೆ?" ಎಂದೆ.

"ಸೆರಗು ಅಗಲವಾಗಿ ಬಿಟ್ಕೊಳ್ತೀನಿ. ನಗೋರು ನಗಲಿ ಬಿಡಿ."

ಮುರಿದ ಬ್ಲೇಡುಗಳನ್ನು ಹಾಕುವ ನನ್ನ ಡಬ್ಬಕ್ಕೆ ರೋಲರನ್ನು ಹಾಕಿ ಹೋದಳು.