ಗುರಲಿಂಗಪ್ಪ ಕಾಕಾನ ಎತ್ತರದ ಕಾರು

ಎದುರು ಮನೆಯ ಗುರಲಿಂಗಪ್ಪ ಕಾಕಾ ದೊಡ್ಡ ಕಾರು ತಂದಾಗ ಜೋರಾಪುರ ಪೇಟೆಯ ನಮ್ಮ ಓಣಿ ಅದಕ್ಕೆ ತಯಾರಾಗಿರಲಿಲ್ಲ. ಕಾರು ಓಣಿಯ ಬಾಯಿಗೇ ನಿಂತಿತು. ತಪ್ಪು ಓಣಿಯದೇ ಎಂದು ಕಾಕಾ ತೀರ್ಮಾನಿಸಿದರು. ಅಂದಿನಿಂದ ಕಾರಿನ ವಾಸ ಅಥಣಿ ರಸ್ತೆಯ ಅವರ ಖಾಲಿ ಪ್ಲಾಟಿನಲ್ಲಿ. ಕಾರಿನಲ್ಲಿ ಹೋಗಬೇಕೆಂದರೆ ಕಾಕಾ ಮೊದಲು ಸ್ಕೂಟರ್ ಹತ್ತಿ ಅಲ್ಲಿಗೆ ಹೋಗಬೇಕು. ದೊಡ್ಡಸ್ತಿಕೆ ಏನು ಸುಮ್ಮನೆ ಬರುತ್ತದೆಯೇ?

ಕಾಕಾ ಒಣದ್ರಾಕ್ಷಿ ವ್ಯಾಪಾರಿ. ತಿಕೋಟಾದ ರೇವಪ್ಪನವರ ತೋಟದ ಮಾಲು ತಂದು ಅರ್ಧವನ್ನು ಬಿಳಿ ಚೀಲಕ್ಕೆ, ಅರ್ಧವನ್ನು ಬಂಗಾರದ ಬಣ್ಣದ ಡಬ್ಬಿಗೆ ತುಂಬುತ್ತಾರೆ. ಚೀಲ ನಮ್ಮಂಥವರ ಪಾಯಸಕ್ಕೆ, ಡಬ್ಬಿ ದೊಡ್ಡವರ ಉಡುಗೊರೆಗೆ. ಎರಡರಲ್ಲಿರುವುದೂ ಒಂದೇ ಬಳ್ಳಿಯ ದ್ರಾಕ್ಷಿ.

ಇದೇ ರೇವಪ್ಪನವರು ಮಗ ಸಿದ್ದಲಿಂಗೇಶನಿಗೆ ಕಾಕಾನ ಮಗಳು ನೇತ್ರಾಳನ್ನು ಕೇಳಲು ಬಂದರು. ನೇತ್ರಾ ಕಾಕಾನ ಕಾರಿನ ಕಂಪನಿಯದೇ ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತಾಳೆ. ಸಿದ್ದಲಿಂಗೇಶ ತನ್ನ ಕಾರಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಲ ಅಲ್ಲಿಗೆ ಹೋಗಿದ್ದ. ಇಬ್ಬರಿಗೂ ಮನಸ್ಸಾಗಿತ್ತು. ಉಳಿದವರು ಹೊಲ, ಮನೆತನ ನೋಡಿದರೆ ಕಾಕಾ ಹೊರಗೆ ಹೋಗಿ ಬಂದವರ ಕಾರು ನೋಡಿದರು. ಅದೇ ಕಂಪನಿಯದು, ಆದರೆ ಸಣ್ಣದು. ಸಲೀಸಾಗಿ ಓಣಿಯೊಳಗೆ ಬಂದು ಮನೆಬಾಗಿಲಿಗೇ ನಿಂತಿತ್ತು, ಆ ಸಿಟ್ಟು ಬೇರೆ.

"ಇಷ್ಟು ಸಣ್ಣ ಗಾಡ್ಯಾಗ ಅಡ್ಡಾಡೋ ಮನಿಗಿ ಮಗಳನ್ನ ಕೊಡಾಂಗಿಲ್ಲ," ಎಂದರು, ಅವರು ಹೋದ ಮೇಲೆ. ನೇತ್ರಾ ಅಂದು ಊಟ ಮಾಡಲಿಲ್ಲ.

ಮುಂದಿನ ವಾರ ಬಬಲೇಶ್ವರದ ಇನ್ನೊಬ್ಬ ಹುಡುಗನನ್ನು ನೋಡಲು ಕಾಕಾ ಹೊರಟರು. ಅವರದು ಎತ್ತರದ ಗಾಡಿಯಂತೆ. ಜೊತೆಗೆ ನಾನಿದ್ದೆ. ಊರು ಇನ್ನೇನು ಬಂತು ಅನ್ನುವಾಗ ರಸ್ತೆಯ ತಗ್ಗೊಂದು ನಮ್ಮ ಎತ್ತರಕ್ಕೆ ಮರ್ಯಾದೆ ಕೊಡಲಿಲ್ಲ. ಮುಂದಿನ ಗಾಲಿ ಸೊಟ್ಟಗಾಯಿತು. ಹತ್ತಿರದ ಗ್ಯಾರೇಜಿನ ಮೌಲಾಸಾಬ ಬಂದು ಬಗ್ಗಿ ನೋಡಿ, "ಗಾಲಿ ಹಿಡಿಯೋ ತೋಳು ಮುರದೈತ್ರಿ," ಎಂದ.

ಕಾಕಾ ಮಗಳಿಗೆ ಫೋನ್ ಮಾಡಿದರು. "ನಮ್ಮ ದೊಡ್ಡ ಗಾಡೀದು ಗಾಲಿ ಹಿಡಿಯೋ ತೋಳು ಐತೇನವ್ವಾ?"

"ದೊಡ್ಡ ಗಾಡೀಗಿ ಅಂತ ಬ್ಯಾರೆ ಬರಾಂಗಿಲ್ಲ ಯಪ್ಪಾ. ಸಣ್ಣ ಗಾಡೀದ ಅದಕ್ಕೂ ಹತ್ತತೈತಿ. ತರ್ತೀನಿ."

ತಂದಳು, ಸಿದ್ದಲಿಂಗೇಶನ ಜೊತೆ, ಅವನ ಕಾರಿನಲ್ಲೇ. ಕಾಕಾ ರೇಷ್ಮೆ ಶಲ್ಯ ಸಾವರಿಸಿಕೊಂಡು ಎರಡೂ ಕಾರಿನ ಕೆಳಗೆ ಬಗ್ಗಿ ನೋಡಿದರು.

"ಒಂದ ತಳದ ಮ್ಯಾಲೆ ಕಂಪನಿಯವರು ಸಣ್ಣದೂ ಕಟ್ತಾರ, ದೊಡ್ಡದೂ ಕಟ್ತಾರ," ಎಂದಳು ನೇತ್ರಾ. "ಬೇಕಾದಷ್ಟು ಉದ್ದ, ಅಗಲ ಹಿಗ್ಗಸ್ತಾರ."

"ಹಂಗಾರ ನಾ ಕೊಟ್ಟ ಹೆಚ್ಚಿನ ರೊಕ್ಕ ಯಾತಕ್ಕ?"

"ಡಬ್ಬಿಗಿ, ಯಪ್ಪಾ."

ನೇತ್ರಾ ಹಾಗೇ ಸಿದ್ದಲಿಂಗೇಶನತ್ತ ಕೈ ತೋರಿಸಿದಳು. "ಇವರ ತ್ವಾಟದ ದ್ರಾಕ್ಷಿ ನಿನ್ನ ಬಂಗಾರದ ಡಬ್ಬಿಗಿ ನಡೀತೈತಿ. ಇವ ನಮ್ಮ ಮನಿಗಿ ಯಾಕ ನಡಿಯಾಂಗಿಲ್ಲ?"

ಕಾಕಾ ಬಹಳ ಹೊತ್ತು ಮೊಣಕಾಲಿನ ಧೂಳು ಝಾಡಿಸಿದರು. ಆಮೇಲೆ ದೊಡ್ಡ ಕಾರನ್ನು ಮೌಲಾಸಾಬನಿಗೆ ಬಿಟ್ಟು, ಸಣ್ಣ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತರು.

"ತಿಕೋಟಾಕ್ಕ ನಡಿಯಪ್ಪಾ," ಎಂದರು ಸಿದ್ದಲಿಂಗೇಶನಿಗೆ. "ನಿಮ್ಮಪ್ಪಾರನ್ನ ನೋಡೂಣು."

ಹಿಂದೆ ನನ್ನ ಪಕ್ಕ ಕುಳಿತ ನೇತ್ರಾ ಕಿಟಕಿಯತ್ತ ಮುಖ ತಿರುಗಿಸಿ ಅತ್ತಳು. ನನಗೂ ಕಣ್ಣು ತುಂಬಿತು.

ಸೋತೆ ಅನ್ನುವ ಮಾತು ಕಾಕಾನ ಬಾಯಲ್ಲಿ ಈವತ್ತಿಗೂ ಬಂದಿಲ್ಲ. ಬೀಗರ ಕಾರಿನ ಮನೆತನವನ್ನು ತಾವೇ ಬಗ್ಗಿ ನೋಡಿ, ಖಾತ್ರಿಯಾದ ಮೇಲೆಯೇ ಮಗಳನ್ನು ಕೊಟ್ಟದ್ದೆಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತಾರೆ.