ಗೆರೆ ಹೊಡೆಯುವ ದಾರ

ಮುಂಬಯಿಯ ಜೋಗೇಶ್ವರಿಯಲ್ಲಿ ಸಾಮಿಲ್ ಇಟ್ಟಿದ್ದ ಸಂಗಪ್ಪನ ಹಿರಿಯ ಮಗ ಪರಪ್ಪ ಹೊಟ್ಟೆಕಿಚ್ಚುಪಟ್ಟದ್ದು ಒಂದು ದಾರಕ್ಕಾಗಿ. ನಗಬೇಡಿ, ಆ ಮನೆತನದಲ್ಲಿ ದಾರವೆಂದರೆ ಗದ್ದುಗೆ.

ಸಂಗಪ್ಪ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ಮೊದಮೊದಲು ಕೈಗರಗಸದಲ್ಲೇ ದಿಮ್ಮಿ ಸೀಳುತ್ತಿದ್ದ. ಸ್ವಾತಂತ್ರ್ಯ ಬಂದ ಮೇಲೆ ಮಷಿನ್ ಬಂತು, ದಾಂಡೇಲಿಯ ಸಾಗವಾನಿ ಬಂತು. ಗೆರೆ ಹೊಡೆಯುವ ಪದ್ಧತಿ ಮಾತ್ರ ಹಳೆಯದೇ ಉಳಿಯಿತು. ಕೆಮ್ಮಣ್ಣಿನಲ್ಲಿ ಅದ್ದಿದ ದಾರದ ತುದಿಯನ್ನು ಒಬ್ಬ ದಿಮ್ಮಿಯ ಕೊನೆಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬ ಈಚೆಯಿಂದ ಬಿಗಿಯಾಗಿ ಎಳೆದು ಮಿಡಿಯಬೇಕು. ಬಿದ್ದ ಕೆಂಪು ಗೆರೆಯ ಮೇಲೆ ಗರಗಸ ಓಡುತ್ತದೆ. ಮಿಡಿಯುವವನೇ ಯಜಮಾನ. ಕಣ್ಣು ಮಂಜಾದಾಗ ಸಂಗಪ್ಪ ಆ ಕೆಲಸವನ್ನು ಕಿರಿಯ ಮಗ ದಾನಪ್ಪನಿಗೆ ಕೊಟ್ಟ. ಪರಪ್ಪನ ಪಾಲಿಗೆ ಬಂದದ್ದು ತುದಿ ಹಿಡಿಯುವುದು.

ಅಂದಿನಿಂದ ಪರಪ್ಪನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಪರೇಲಿನಲ್ಲಿ ಹೋಟೆಲಿಟ್ಟಿದ್ದ ಉಡುಪಿಯ ಪೂವಪ್ಪ ಟೇಬಲ್ಲುಗಳಿಗೆ ಹಲಗೆ ಬೇಕೆಂದು ಬಂದವನು, ಎದುರಿಗೇ ಕೂತಿದ್ದ ಪರಪ್ಪನನ್ನು ನೋಡಿ, "ದಾನಪ್ಪ ಇಲ್ವಾ ಮಾರಾಯ್ರೆ?" ಎಂದ. ಅಣ್ಣನೆನಿಸಿಕೊಂಡವನಿಗೆ ಇನ್ನೇನು ಬೇಕು! ಪರಪ್ಪನ ಹೊಟ್ಟೆಗೆ ಬೆಂಕಿ ಬಿತ್ತು.

ಪೂವಪ್ಪನ ದಿಮ್ಮಿಗೆ ಗೆರೆ ಹೊಡೆಯುವಾಗ ಪರಪ್ಪ ತನ್ನ ತುದಿಯನ್ನು ಗುರುತಿನಿಂದ ಬೆರಳಗಲ ಸರಿಸಿಬಿಟ್ಟ. ಹಲಗೆಗಳೆಲ್ಲ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪೂವಪ್ಪ ಕೂಗಾಡಿದ. ಅಣ್ಣನ ಮೇಲೆ ಅನುಮಾನವೇ ಬಾರದ ದಾನಪ್ಪ ತಲೆ ತಗ್ಗಿಸಿ, "ತಪ್ಪ ನಂದ ಐತ್ರಿ," ಎಂದ. ಸಂಗಪ್ಪ ದಾರ ಕಸಿದು ಪರಪ್ಪನ ಕೈಗಿಟ್ಟ. ಗಂಡ ಯಜಮಾನನಾದನೆಂದು ಕಾಶವ್ವ ಹೋಳಿಗೆ ಮಾಡಿದಳು.

ಮರುದಿನ ದಾನಪ್ಪ ತುದಿ ಹಿಡಿದು ಕೂತ. ಪರಪ್ಪ ದಾರ ಎಳೆದ, ಬಿಡಲಾಗಲಿಲ್ಲ. ತಮ್ಮನೂ ಸರಿಸಿದ್ದರೆ? ಎದ್ದು ಹೋಗಿ ನೋಡಿ ಬಂದ. ಮತ್ತೆ ಹೋದ. ದಾನಪ್ಪನ ಹೆಬ್ಬೆರಳು ಗುರುತಿನ ಮೇಲೇ ಇತ್ತು. ಅದು ಅಲುಗದೆ ಇದ್ದದ್ದಕ್ಕೂ ಅವನಿಗೆ ಹೊಟ್ಟೆಯುರಿಯಿತು.

"ನಾ ಹಿಡದೀನಲ್ಲ ಅಣ್ಣಾ, ನೀ ಹೊಡಿ," ಎಂದ ದಾನಪ್ಪ.

ಪರಪ್ಪ ಮತ್ತೆ ಎದ್ದ. ಹೊರಸಿನ ಮೇಲೆ ಕೂತಿದ್ದ ಸಂಗಪ್ಪನಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಕೇಳುತ್ತಿತ್ತು. ದಾರ ಮಿಡಿದ ಸದ್ದಿಲ್ಲ. ಹಿರಿಯ ಮಗ ಹೋಗಿ ಬರುವ ಚಪ್ಪಲಿಯ ಸದ್ದಷ್ಟೇ.

"ಪರಪ್ಪಾ," ಎಂದ ಮುದುಕ, "ಅವ ಗೆರಿ ಹೊಡಿಯೂಮುಂದ ಒಂದ ದಿನಾನೂ ಎದ್ದು ಬಂದು ನಿನ್ನ ತುದಿ ನೋಡಿದ್ದಿಲ್ಲೋ."