ಪೂಜೆಗಿಟ್ಟ ಕರಡಿ

ನಿನ್ನೆ ಪುಸ್ತಕದ ಬೀರು ಒರೆಸುವಾಗ ಮಕ್ಕಳ ಕಥೆಪುಸ್ತಕವೊಂದರಿಂದ ಚಿಟಿಕೆ ಕುಂಕುಮ ನನ್ನ ಬಿಳಿ ಪಂಚೆಯ ಮೇಲೆ ಉದುರಿತು. ಪುಸ್ತಕದಿಂದ ಜ್ಞಾನ ಉದುರುತ್ತದೆಂದು ನೀವು ಕೇಳಿರಬಹುದು. ನಮ್ಮ ಮನೆಯಲ್ಲಿ ಉದುರುವುದು ಇಷ್ಟೇ.

ಐದು ವರ್ಷದ ಹಿಂದಿನ ಮಾತು. ನನ್ನ ಮಗಳು ಚಾರುವಿಗೆ ಆಗ ಏಳು. ಪುಸ್ತಕ ಕಂಡರೆ ಹಾಗಲಕಾಯಿ ಕಂಡವಳ ಹಾಗೆ ಮುಖ ತಿರುಗಿಸುತ್ತಿದ್ದಳು. ನಾನೋ, ಅಜ್ಜಂಪುರದ ನಾಲ್ಕು ಬೀದಿಗಳಲ್ಲಿ ದೊಡ್ಡ ಓದುಗನೆಂದು ಹೆಸರು ಮಾಡಿದವನು. ಗಾಜಿನ ಬೀರು, ಬೀರುವಿಗೆ ಬೀಗ, ಬೀಗದ ಕೈ ನನ್ನ ಉಡಿದಾರದಲ್ಲಿ. ಹೊಸ ಪುಸ್ತಕ ತಂದರೆ ಓದುವ ಮೊದಲು ಕಂದು ಕಾಗದದ ಬೈಂಡು ಹಾಕುತ್ತಿದ್ದೆ. ಎಷ್ಟೋ ಸಲ ಓದು ಅಲ್ಲಿಗೇ ಮುಗಿಯುತ್ತಿತ್ತು. ಇಂಥವನ ಮಗಳು ಓದದೆಯೇ ಉಳಿದುಬಿಟ್ಟರೆ? ನಗಬೇಡಿ, ನನಗೆ ನಿಜವಾಗಿಯೂ ಭಯವಾಗಿತ್ತು.

ಆಗ ಕಡೂರಿನ ನಮ್ಮ ಗೆಳೆಯರ ಗುಂಪು ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಹೊರಟಿತು. ಮನೆಮಂದಿಯೆಲ್ಲ ಬಂದು ಗೆಳೆಯನೊಬ್ಬನ ತೆಂಗಿನ ತೋಟದಲ್ಲಿ ಮಕ್ಕಳೊಂದಿಗೆ ಕೂತು ಓದಬೇಕು, ಚಿತ್ರಾನ್ನ ತಿನ್ನಬೇಕು. ದಿನ ಆರಿಸುವ ಹೊಣೆ ಬುದ್ಧಿವಂತನಾದ ನನ್ನ ಮೇಲೆ ಬಿತ್ತು. ಕ್ಯಾಲೆಂಡರಿನಲ್ಲಿ ಕೆಂಪಕ್ಷರ ಹುಡುಕಿ, ಎಲ್ಲರಿಗೂ ರಜೆಯೆಂದು ಆಯುಧಪೂಜೆಯ ದಿನವನ್ನೇ ಆರಿಸಿದೆ. ನವರಾತ್ರಿಯಲ್ಲಿ ಸರಸ್ವತಿಯೆಂದು ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಓದುವುದಿಲ್ಲವೆಂಬುದು, ಹುಟ್ಟಿದಾಗಿನಿಂದ ನೋಡಿದ್ದರೂ, ನನಗೆ ಹೊಳೆಯಲೇ ಇಲ್ಲ. ಹೆಂಡತಿ ಮನೆಯ ಪೂಜೆ ಬಿಟ್ಟು ಬರಲು ಒಪ್ಪಲಿಲ್ಲ. ಅಮ್ಮ ಮಾತ್ರ "ಇವತ್ತೇನೋ ಓದೋದು!" ಎಂದು ಗೊಣಗಿಕೊಂಡೇ ಮೊಮ್ಮಗಳ ಕೈಹಿಡಿದು ರೈಲು ಹತ್ತಿದಳು.

ನಾವು ತೋಟ ತಲುಪುವಷ್ಟರಲ್ಲಿ ಆ ಮನೆಯ ಹೆಂಗಸರು ಕಥೆಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಮಂಗಳಾರತಿಯನ್ನೂ ಮುಗಿಸಿದ್ದರು. ಎಂದೂ ಪುಸ್ತಕ ಮುಟ್ಟದ ಚಾರು ಅಂದೇ ಕೈ ಚಾಚಬೇಕೇ!

"ಮುಟ್ಬೇಡ ಕಣೇ, ಇವತ್ತು ಓದಿದ್ರೆ ವಿದ್ಯೆ ಹತ್ತಲ್ಲ" ಎಂದು ಅಮ್ಮ ತಡೆದಳು.

ಓದುವಂತಿಲ್ಲವಾದ್ದರಿಂದ ಓದಿನ ಮಹತ್ವದ ಬಗ್ಗೆ ಮೂರು ಭಾಷಣಗಳಾದವು. ಈಗಿನ ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂದು ಮೂವರೂ ಮೊಬೈಲ್ ನೋಡಿಕೊಂಡು ಹೇಳಿದರು. ಮೂರನೆಯವನು ನಾನೇ.

ಸಂಜೆಯ ರೈಲು ಬೀರೂರು ದಾಟುತ್ತಿದ್ದಂತೆ ಚಾರು ಲಂಗದ ಮಡಿಕೆಯಿಂದ ಒಂದು ಪುಸ್ತಕ ಹೊರಗೆಳೆದಳು.

"ಅಯ್ಯೋ, ಪೂಜೆಗಿಟ್ಟಿದ್ನ ಎತ್ಕೊಂಡ್ ಬಂದ್ಬಿಟ್ಯೇನೇ!" ಅಮ್ಮ ಬೆಚ್ಚಿದಳು.

"ಕರಡಿ ಬಾವಿಗ್ ಬಿದ್ದೈತೆ ಅಜ್ಜಿ, ನೋಡಿಲ್ಲಿ."

ಅಮ್ಮ ಚಿತ್ರ ನೋಡಿದಳು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ದೇವಿಗೆ ಅಷ್ಟು ಸಾಕೆಂಬಂತೆ ಹಿಂದಿರುಗಿಸಿದಳು. "ಕನ್ನಡಕ ತಂದಿಲ್ಲ. ಮೇಲಕ್ ಬಂತೋ ಇಲ್ವೋ, ನೀನೇ ಓದು."

ಚಾರು ಬೆರಳಿಟ್ಟು ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ಪ್ಯಾಸೆಂಜರ್ ರೈಲಿನ ಹಾಗೆ ನಿಲ್ಲುತ್ತಿದ್ದಳು. ಸಂಘಟಕನಾಗಿ ನಾನು ಕಳ್ಳತನಕ್ಕೆ ಗದರಬೇಕಿತ್ತು, ಕತ್ತು ಚಾಚಿ ಕೇಳುತ್ತ ಕೂತೆ. ಊರವರು ಹಗ್ಗ ಬಿಟ್ಟರು, ಕರಡಿ ಹಿಡಿಯಲಿಲ್ಲ. ಏಣಿ ಇಳಿಸಿದರು. ಕರಡಿ ಏಣಿಯ ಅರ್ಧಕ್ಕೆ ಬರುವಾಗ ಅಜ್ಜಂಪುರ ಬಂತು, ಹೋಯಿತು. ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಮುಂದಿನ ಸ್ಟೇಷನ್ ಶಿವನಿಯಲ್ಲಿ ಇಳಿದೆವು. ಮರಳುವ ಬಸ್ಸು ವಿಚಾರಿಸಿಕೊಂಡು ಬರುವಷ್ಟರಲ್ಲಿ ಅವರಿಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ಕಥೆ ಮುಗಿಸಿ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು.

"ಮನೇಲಿ ಅಷ್ಟೊಂದ್ ಪುಸ್ತಕ ಅವಲ್ಲೇ, ಒಂದಿನಾನೂ ಕೇಳ್ಲಿಲ್ವಲ್ಲ ನೀನು?" ಎಂದೆ.

"ಅವು ನಿನ್ನವು. ಮುಟ್ಟಿದ್ರೆ ಬೈತೀಯ" ಎಂದಳು ಚಾರು.

ಅಮ್ಮ ಸೆರಗು ಸರಿಪಡಿಸಿಕೊಂಡು ಹೇಳಿದಳು: "ನಾವು ಮೂರ್ ದಿನ ಪೂಜೆಗಿಡ್ತೀವಿ. ನೀನು ವರ್ಷವೆಲ್ಲ ಇಟ್ಟಿದೀಯಲ್ಲೋ."

ಕರಡಿಗೇನಾಯಿತೆಂದು ಕೇಳಿದರೆ, "ಓದ್ಕೋ" ಎಂದಳು ಚಾರು.

ಆ ಪುಸ್ತಕದ ಬದಲಿಗೆ ಗೆಳೆಯರಿಗೆ ನನ್ನ ಬೀರುವಿನಿಂದ ಎರಡು ಕೊಟ್ಟೆ. ಬೀಗದ ಕೈ ಅಂದೇ ಚಾರುವಿನ ಪಾಲಾಯಿತು. ಅವಳು ಎಲ್ಲಿ ಕಳೆದಳೋ ತಿಳಿಯದು. ಈಗ ನನ್ನ ಪುಸ್ತಕಗಳಲ್ಲಿ ಬೈಂಡಿಲ್ಲ, ಉಪ್ಪಿನಕಾಯಿ ಎಣ್ಣೆಯಿದೆ. ನನಗಿಂತ ಹೆಚ್ಚು ಓದಿದವಳು ನಮ್ಮ ಮನೆಯಲ್ಲಿ ಓಡಾಡುತ್ತಾಳೆ. ನನಗೋ ಓದಲು ಪುರುಸೊತ್ತಿಲ್ಲ, ಬೀರು ಒರೆಸಬೇಕಲ್ಲ.

ನಿನ್ನೆ ಮಾತ್ರ ಬಟ್ಟೆಯನ್ನು ಪಕ್ಕಕ್ಕಿಟ್ಟು, ಧೂಳಿನ ಕೈಯನ್ನೂ ತೊಳೆಯದೆ ಅಲ್ಲೇ ನೆಲದ ಮೇಲೆ ಕೂತೆ. ಏಣಿಯ ಅರ್ಧದಲ್ಲಿ ಐದು ವರ್ಷದಿಂದ ಕಾಯುತ್ತಿದ್ದ ಕರಡಿಯ ಪುಟ ಹುಡುಕಿ, ಓದತೊಡಗಿದೆ.